ಸೋಲಾರ್ ಕಂಪನಿಯವರು ಮೊದಲು ಊರಿಗೆ ಬರಲಿ, ಆಮೇಲೆ ಹೊಲಕ್ಕೆ

ಮೊದಲೇ ಹೇಳಿಬಿಡುತ್ತೇನೆ, ನಾನು ಸೋಲಾರ್ ವಿರೋಧಿ ಅಲ್ಲ. ನಮ್ಮ ಕಲಬುರಗಿ ಬಿಸಿಲು ಎಂಥದ್ದು ಅಂತ ಯಾರಿಗೂ ಹೇಳಿಕೊಡಬೇಕಾಗಿಲ್ಲ. ಆ ಬಿಸಿಲಿನಿಂದ ಕರೆಂಟ್ ಆಗಿ, ರೈತನ ಕೈಗೆ ವರ್ಷಾ ವರ್ಷಾ ದುಡ್ಡು ಬಂದರೆ ಒಳ್ಳೆಯದೇ. 2022ರಲ್ಲಿ ನೆಟೆ ರೋಗ ಬಂದು ತೊಗರಿ ನಿಂತಲ್ಲೇ ಒಣಗಿದ್ದನ್ನು ಕಂಡವರು ನಾವು. ಬೀಜ, ಗೊಬ್ಬರ, ಔಷಧ ಎಲ್ಲಾ ಹಾಕಿ ಆಗಿತ್ತು. ಅಂಥ ವರ್ಷ ಎಕರೆಗೆ ಇಷ್ಟು ಅಂತ ಬಾಡಿಗೆ ಬರುತ್ತೆ ಅಂದರೆ ಯಾರು ಬೇಡ ಅಂತಾರೆ?

ನನ್ನ ತಕರಾರು ಸೋಲಾರ್ ಕಂಪನಿಯವರು ಬಂದು ಹೊಲ ಕೇಳುವ ರೀತಿಯ ಬಗ್ಗೆ. ನಮ್ಮ ಆಳಂದ ಕಡೆ ನಾನು ನೋಡಿದ್ದು ಹೀಗೆ. ಮೊದಲು ಒಬ್ಬ ಏಜೆಂಟ್ ಬರುತ್ತಾನೆ. ಜಾಸ್ತಿ ಹೊಲ ಇರುವ ನಾಲ್ಕು ಜನರ ಜೊತೆ ಕೂತು ಚಹಾ ಕುಡಿಯುತ್ತಾನೆ. ಅವರು ಒಪ್ಪಿದರೆ ನಡುವೆ ಸಿಕ್ಕಿಕೊಂಡ ಎರಡು ಎಕರೆಯವನಿಗೆ ಒಂದೇ ಮಾತು: 'ಸುತ್ತ ಎಲ್ಲಾರೂ ಕೊಟ್ಟಾರ, ನೀ ಒಬ್ಬನೇ ಏನ್ ಮಾಡ್ತಿ?' ಉಳಿದ ಊರಿಗೆ ವಿಷಯ ಗೊತ್ತಾಗುವುದು ಜೆಸಿಬಿ ಬಂದಾಗಲೇ.

ಇದಕ್ಕೆ ಕಾರಣ ಕಾನೂನಿನಲ್ಲೇ ಇದೆ. ಸೇಡಂ, ಚಿತ್ತಾಪುರದವರಿಗೆ ಸಿಮೆಂಟ್ ಫ್ಯಾಕ್ಟರಿಗೆ ಪರಿಸರ ಅನುಮತಿ ಕೊಡುವ ಮೊದಲು ಊರವರ ಮಾತು ಕೇಳಲು ನಡೆಯುವ ಅಹವಾಲು ಸಭೆ ಗೊತ್ತು. ಸೋಲಾರ್‌ಗೆ 2006ರ ಪರಿಸರ ಅಧಿಸೂಚನೆಯ ಅನುಮತಿ ಬೇಕಿಲ್ಲ. ಅನುಮತಿ ಬೇಡ ಅಂದಮೇಲೆ ಆ ಸಭೆಯೂ ಇಲ್ಲ. ಹೊಗೆ ಇಲ್ಲ, ಸದ್ದಿಲ್ಲ, ಸರಿ. ಆದರೆ ನೂರಾರು ಎಕರೆಗೆ ತಂತಿಬೇಲಿ ಬೀಳುತ್ತದಲ್ವಾ?

ಪಾವಗಡದ ಸೋಲಾರ್ ಪಾರ್ಕ್ ನೋಡಿ. ಸುಮಾರು 13,000 ಎಕರೆ, 2,050 ಮೆಗಾವ್ಯಾಟ್. ಅಲ್ಲಿ ಜಮೀನು ಕೊಂಡುಕೊಳ್ಳಲಿಲ್ಲ, 28 ವರ್ಷದ ಲೀಸ್‌ಗೆ ತಗೊಂಡರು. ಶುರುವಿನಲ್ಲಿ ಎಕರೆಗೆ ವರ್ಷಕ್ಕೆ 21,000 ರೂಪಾಯಿ, ಎರಡು ವರ್ಷಕ್ಕೊಮ್ಮೆ ಶೇಕಡಾ 5 ಏರಿಕೆ. ಭೂಮಿ ರೈತನ ಹೆಸರಲ್ಲೇ ಉಳಿಯಿತು. ಇದು ಒಳ್ಳೆಯ ದಾರಿ ಅಂತಲೇ ನಾನು ಹೇಳುತ್ತೇನೆ. ಆದರೆ ಅದೇ ಹೊಲಗಳಲ್ಲಿ ಕೂಲಿ ಮಾಡುತ್ತಿದ್ದವರಿಗೆ ಯಾವ ಬಾಡಿಗೆಯೂ ಇಲ್ಲ. ಹೊಲದ ಕೆಲಸ ಹೋಯಿತು. ಪ್ಯಾನೆಲ್ ತೊಳೆಯುವ, ಕಾವಲು ಕಾಯುವ ಕೆಲಸ ಎಷ್ಟು ಜನಕ್ಕೆ ಸಿಕ್ಕೀತು?

ನಮ್ಮಲ್ಲಿ ತೊಗರಿ ಕಳೆ ತೆಗೆಯುವವರು, ಕೊಯ್ಯುವವರು ಬಹುಪಾಲು ಹೆಂಗಸರು. ಅವರ ಹೆಸರು ಯಾವ ಪಹಣಿಯಲ್ಲೂ ಇಲ್ಲ. ಕೊಯ್ಲಾದ ಹೊಲದಲ್ಲಿ ಕುರಿ ಮೇಯಿಸುವವರ ಹೆಸರೂ ಇಲ್ಲ. ಏಜೆಂಟನ ಕೈಯಲ್ಲಿದ್ದ ನಕ್ಷೆ ನಾನು ನೋಡಿದ್ದೇನೆ. ಸರ್ವೆ ನಂಬರುಗಳಿಗೆ ಚೆಂದಗೆ ಬಣ್ಣ ತುಂಬಿದ್ದರು. ನಾವು ದಿನಾ ಓಡಾಡುವ ಬಂಡಿ ದಾರಿ ಅದರಲ್ಲಿ ಇರಲೇ ಇಲ್ಲ. ಮಳೆ ನೀರು ಹರಿದು ಹೋಗುವ ಸಣ್ಣ ನಾಲಾನೂ ಇರಲಿಲ್ಲ. ಕಪ್ಪು ಮಣ್ಣಿನಲ್ಲಿ ನೀರಿಗೆ ಅಡ್ಡ ಕಟ್ಟಿದರೆ ಮೇಲಿನ ಹೊಲದ ಬೆಳೆ ಹದಿನೈದು ದಿನ ಕೆಸರಲ್ಲಿ ನಿಂತು ಕೊಳೆಯುತ್ತದೆ. ಇದನ್ನು ಊರಿನ ಯಾರನ್ನು ಕೇಳಿದ್ದರೂ ಹೇಳುತ್ತಿದ್ದರು. ಯಾರೂ ಕೇಳಲಿಲ್ಲ.

ಎಳ್ಳಮಾವಾಸ್ಯೆಯ ದಿನ ಮನೆಮಂದಿಯೆಲ್ಲಾ ಹೊಲಕ್ಕೆ ಹೋಗಿ ಭೂಮಿತಾಯಿಗೆ ನೈವೇದ್ಯ ಅಂತ ಚರಗ ಚೆಲ್ಲುತ್ತೇವೆ. ಸಜ್ಜೆ ರೊಟ್ಟಿ, ಭಜ್ಜಿ ಕಟ್ಟಿಕೊಂಡು ಹೋಗಿ ಅಲ್ಲೇ ಕೂತು ಉಣ್ಣುತ್ತೇವೆ. 28 ವರ್ಷ ಅಂದರೆ ಇವತ್ತು ಹುಟ್ಟಿದ ಮಗು ದೊಡ್ಡದಾಗಿ ಮದುವೆಯಾಗುವಷ್ಟು ಕಾಲ. ಅಷ್ಟೂ ವರ್ಷ ತಮ್ಮದೇ ಹೊಲಕ್ಕೆ ಗೇಟ್ ಪಾಸ್ ಕೇಳಬೇಕಾ? ಇದನ್ನು ಭಾವುಕತೆ ಅಂತ ತಳ್ಳಿಹಾಕುವವರ ಜೊತೆ ನನಗೆ ಮಾತು ಬೇಡ.

ಕಂಪನಿಯವರು ಗ್ರಾಮಸಭೆಯಲ್ಲಿ ಇಡೀ ಊರಿನ ಎದುರು ಕೂರಲಿ. ಲೀಸ್ ಕರಾರು ಕನ್ನಡದಲ್ಲಿ ಇರಲಿ, ಓದಿ ಹೇಳಲಿ. ಹೊಲ ಎನ್‌ಎ, ಅಂದರೆ ಕೃಷಿಯೇತರ ಜಮೀನು ಆದ ಮೇಲೆ ಬೆಳೆ ಸಾಲದ ಗತಿ ಏನು? ಕಂಪನಿ ಇನ್ನೊಬ್ಬರಿಗೆ ಮಾರಿಕೊಂಡರೆ ಬಾಡಿಗೆ ಯಾರು ಕೊಡುತ್ತಾರೆ? ಅವಧಿ ಮುಗಿದ ಮೇಲೆ ನೆಲದಲ್ಲಿ ಹೂತ ಕಬ್ಬಿಣ, ಕಾಂಕ್ರೀಟ್ ಯಾರು ಕೀಳುತ್ತಾರೆ? ನಮ್ಮ ಪಂಪ್‌ಸೆಟ್‌ಗೆ ಹಗಲು ಕರೆಂಟ್ ಸಿಗುತ್ತಾ, ಇಲ್ಲಾ ಎಲ್ಲಾ ಗ್ರಿಡ್‌ಗೆ ಹೋಗುತ್ತಾ? ಪ್ಯಾನೆಲ್ ಸಾಲುಗಳ ನಡುವೆ ಸ್ವಲ್ಪ ಜಾಗ ಬಿಟ್ಟರೆ ಹೆಸರು, ಉದ್ದು ಬೆಳೆಯಬಹುದು. ತೊಗರಿ ಆಳೆತ್ತರ ಬೆಳೆದು ಪ್ಯಾನೆಲ್‌ಗೆ ನೆರಳು ಮಾಡುತ್ತೆ, ಅದು ಆಗಲ್ಲ. ಕುರಿ ಮೇಯಲು ಬಿಡಬಹುದು, ಹುಲ್ಲು ಕತ್ತರಿಸುವ ಖರ್ಚೂ ಉಳಿಯುತ್ತೆ. ಇನ್ನು ದೊಡ್ಡ ಕಂಪನಿಯೇ ಬೇಕು ಅಂತಲೂ ಇಲ್ಲ. ಕೇಂದ್ರ ಸರ್ಕಾರದ ಪಿಎಂ ಕುಸುಮ್ ಯೋಜನೆಯಲ್ಲಿ ರೈತರೇ ಸೇರಿ 2 ಮೆಗಾವ್ಯಾಟ್‌ವರೆಗೆ ಘಟಕ ಹಾಕಲು ಅವಕಾಶ ಇದೆ. ಒಂದು ಮೆಗಾವ್ಯಾಟ್‌ಗೆ ನಾಲ್ಕೈದು ಎಕರೆ ಸಾಕು. ಇದನ್ನೂ ಅದೇ ಸಭೆಯಲ್ಲಿ ಚರ್ಚೆ ಮಾಡಬೇಕು.

ಪಂಚಾಯಿತಿ ಸದಸ್ಯರಿಗೆ ಒಂದು ವಿನಂತಿ. ಆ ಗ್ರಾಮಸಭೆ ಬೆಳಿಗ್ಗೆ 11ಕ್ಕೆ ಇಡಬೇಡಿ, ಆ ಹೊತ್ತಿಗೆ ಕೂಲಿಯವರು ಹೊಲದಲ್ಲಿರುತ್ತಾರೆ. ಸಂಜೆ 7ರ ಮೇಲೆ ಇಡಿ. ಹಿಂದಿನ ದಿನವೇ ಎಲ್ಲಾ ಓಣಿಗಳಲ್ಲೂ ಡಂಗುರ ಹೊಡೆಸಿ.