ಕಳೆದುಹೋದ ಹಕಾರ

ನಮ್ಮಜ್ಜಿ ಮಂಡ್ಯದ ಕಡೆಯವಳು. "ಆಲು ಉಕ್ತಾ ಅದೆ, ಓಗಿ ನೋಡ್ಲಾ" ಅಂತ ಅವಳು ಕೂಗಿದರೆ ನಾವು ಮೊಮ್ಮಕ್ಕಳು ಒಲೆ ಬಿಟ್ಟು ನಗುತ್ತಾ ನಿಲ್ಲುತ್ತಿದ್ದೆವು. ಅಷ್ಟರಲ್ಲಿ ಹಾಲು ಒಲೆಯ ಪಾಲು. "ಅಜ್ಜಿ, ಮರದ ಮೇಲೆ ಕೂತಿರೋದೇನು?" "ಅಕ್ಕಿ." "ಅನ್ನ ಮಾಡೋದು?" "ಅದೂ ಅಕ್ಕಿನೇ ಕಣ್ಲಾ." ನಮ್ಮದೋ ಸ್ಕೂಲಿಗೆ ಹೋದವರ ಹಕಾರ. ಜಂಬ ಸ್ವಲ್ಪ ಜಾಸ್ತಿಯೇ ಇತ್ತು.

ಹೋದ ವರ್ಷ ಮೈಸೂರಿನಲ್ಲಿ ಪರಿಚಯದ ಹುಡುಗಿಯೊಬ್ಬಳು, "ಅಂಕಲ್, ನಿಮ್ಮ ಬಾಯಿ ಒಂದು ಗಂಟೆ ಬೇಕಿತ್ತು" ಎಂದಳು. ಭಾಷಾವಿಜ್ಞಾನದಲ್ಲಿ ಪಿಎಚ್.ಡಿ. ಮಾಡುತ್ತಿದ್ದಾಳೆ, ಮಾತಿನ ಧ್ವನಿಗಳೇ ಅವಳ ವಿಷಯ. ನಾನು ಏನು ಹೇಳುತ್ತೇನೆ ಅನ್ನುವುದು ಅವಳಿಗೆ ಬೇಕಿರಲಿಲ್ಲ, ಹೇಗೆ ಹೇಳುತ್ತೇನೆ ಅನ್ನುವುದಷ್ಟೇ ಸಾಕಿತ್ತು. ಮನೆಯಲ್ಲಿ ಎರಡನ್ನೂ ಕೇಳುವವರಿಲ್ಲ. ಒಪ್ಪಿಕೊಂಡೆ.

ಗೋಡೆಗೆಲ್ಲ ಸ್ಪಂಜು ಅಂಟಿಸಿದ ಪುಟ್ಟ ಕೋಣೆ. ಸದ್ದು ಬರುತ್ತದೆಂದು ಫ್ಯಾನೂ ಆಫ್. ಕೈಗೆ ಒಂದು ಕಟ್ಟು ಚೀಟಿ ಕೊಟ್ಟಳು. ಎಲ್ಲದರಲ್ಲೂ ಒಂದೇ ವಾಕ್ಯ, ನಡುವಿನ ಪದ ಮಾತ್ರ ಬೇರೆ. 'ನಾನು ಹಾಲು ಅಂತ ಹೇಳಿದೆ.' 'ನಾನು ಹಾಳು ಅಂತ ಹೇಳಿದೆ.' 'ನಾನು ಅಕ್ಕ ಅಂತ ಹೇಳಿದೆ.' ಒಂದೊಂದೂ ಐದೈದು ಸಲ. ಹೊರಗೆ ಯಾರಾದರೂ ಕೇಳಿಸಿಕೊಂಡಿದ್ದರೆ ನಿಂಬೆಹಣ್ಣು ಇಳಿಸಿ ತೆಗೆಯುತ್ತಿದ್ದರೇನೋ.

ನಡುನಡುವೆ ಪಾಠವೂ ಆಯಿತು. "ಕಂಬ ಅನ್ನಿ, ಅರ್ಧಕ್ಕೇ ನಿಲ್ಲಿಸಿ." ನಿಲ್ಲಿಸಿದೆ. ತುಟಿ ಮುಚ್ಚಿತ್ತು. "ಈಗ ಗಂಟೆ." ನಾಲಿಗೆಯ ತುದಿ ಮಡಿಚಿಕೊಂಡು ಅಂಗುಳಕ್ಕೆ ತಾಗಿತ್ತು. "ಅಂಗಿ?" ನಾಲಿಗೆಯ ಹಿಂಭಾಗ ಎದ್ದು ಗಂಟಲ ಹತ್ತಿರ ಹೋಗಿತ್ತು. ಬರೆಯುವುದು ಮಾತ್ರ ಒಂದೇ ಸೊನ್ನೆ! ಮುಂದೆ ಬರುವ ಅಕ್ಷರ ಯಾವುದೆಂದು ನೋಡಿಕೊಂಡು ಬಾಯಿ ಮೊದಲೇ ಜಾಗ ಹಿಡಿಯುತ್ತದೆ, ಬಸ್ಸಿನ ಕಿಟಕಿಯಿಂದ ಟವೆಲ್ ಹಾಕಿದ ಹಾಗೆ. ನೀವೂ ಒಮ್ಮೆ ಹೇಳಿ ನೋಡಿ, ಯಾರೂ ಇಲ್ಲದಾಗ.

ತುಳುವಿನದು ಇನ್ನೂ ನಾಜೂಕಂತೆ. 'ಮಳ್ಪುವೆ' ಅಂದರೆ 'ಮಾಡುತ್ತೇನೆ'ಯೂ ಹೌದು, 'ಮಾಡುತ್ತಾನೆ'ಯೂ ಹೌದು. ಕೊನೆಯ ಎಕಾರಕ್ಕೆ ಬಾಯಿ ಕೊಂಚ ಅಗಲಿಸಿದರೆ ನಾನು, ಕಿರಿದು ಮಾಡಿದರೆ ಅವನು. ಕನ್ನಡ ಲಿಪಿಯಲ್ಲಿ ಎರಡೂ ಒಂದೇ ಥರ ಕಾಣುತ್ತವೆ. ಪಾತ್ರೆ ತೊಳೆಯುವವರು ಯಾರು ಅನ್ನುವುದು ದವಡೆಯ ಮೇಲೆ ನಿಂತಿದೆ, ಅಲ್ವಾ?

ಆಮೇಲೆ ಕಂಪ್ಯೂಟರಿನಲ್ಲಿ 'ಪ್ರಾಟ್' ತೆರೆದಳು. ಆಮ್‌ಸ್ಟರ್‌ಡ್ಯಾಮಿನ ಇಬ್ಬರು ಮೇಷ್ಟ್ರು ಬರೆದ, ದನಿಯನ್ನು ಚಿತ್ರವಾಗಿ ತೋರಿಸುವ ಪುಕ್ಕಟೆ ಸಾಫ್ಟ್‌ವೇರ್. ಡಚ್ ಭಾಷೆಯಲ್ಲಿ ಪ್ರಾಟ್ ಅಂದರೆ ಮಾತು. ನನ್ನ 'ಅಕ್ಕ' ಬೂದಿ ಬಣ್ಣದ ಪಟ್ಟೆಗಳಾಗಿ ಮೂಡಿತು. ಎರಡು ಕಡೆ ಅಕಾರ, ನಡುವೆ ಖಾಲಿ ಬಿಳಿ ಜಾಗ. "ಕ್ಕ ಎಲ್ಲಮ್ಮಾ?" ಎಂದೆ. "ಆ ಖಾಲಿ ಜಾಗಾನೇ ಅಂಕಲ್. ಒತ್ತು ಅಂದರೆ ಜಾಸ್ತಿ ಹೊತ್ತು ಉಸಿರು ಕಟ್ಟಿ ಸುಮ್ನಿರೋದು." 13ನೇ ಶತಮಾನದ ವ್ಯಾಕರಣಕಾರ ಕೇಶಿರಾಜ ನೆನಪಾದ. ಶಬ್ದ ನಾಭಿಯ ಬುಡದಲ್ಲಿ ಕಹಳೆಯ ಹಾಗೆ ಹುಟ್ಟುತ್ತದೆ, ಅದರ ಬಣ್ಣ ಬಿಳಿ ಅಂದಿದ್ದ ಪುಣ್ಯಾತ್ಮ. ಇಲ್ಲಿ ನೋಡಿದರೆ ಬಿಳಿ ಇರುವುದೇ ಸದ್ದಿಲ್ಲದ ಕಡೆ. ಆದರೂ ಆ ಕಹಳೆಯನ್ನು ಬಿಟ್ಟುಕೊಡಲು ನನಗೆ ಮನಸ್ಸಿಲ್ಲ.

ಅಜ್ಜಿಯ 'ಅಕ್ಕಿ' ಕಥೆ ಹೇಳಿ ನಕ್ಕೆ. ಹುಡುಗಿ ನಗಲಿಲ್ಲ. "ಹಳಗನ್ನಡದಲ್ಲಿ ಪಾಲ್, ಪಕ್ಕಿ, ಪುಲಿ ಅಂತಿತ್ತು. 10ನೇ ಶತಮಾನದ ಹೊತ್ತಿಗೆ ಪ ಹೋಗಿ ಹ ಬರೋಕೆ ಶುರುವಾಯ್ತು. ತಮಿಳರು ಇವತ್ತಿಗೂ ಪಾಲ್ ಅಂತಾರೆ, ತುಳುವರ ಹುಲಿ ಈಗಲೂ ಪಿಲಿ. ನಿಮ್ಮಜ್ಜಿ ಆ ಹ ಕೂಡ ಬಿಟ್ಟರು, ಅಷ್ಟೇ. ನಿಮಗಿಂತ ಒಂದು ಹೆಜ್ಜೆ ಮುಂದೆ. ಪಂಪ ಬಂದು ನಿಮ್ಮ ಹಾಲು ಕೇಳಿದ್ರೆ ನಿಮ್ಮನ್ನೇ ನೋಡಿ ನಗ್ತಿದ್ದ."

ಇರಬಹುದು. ಆದರೂ ನನ್ನ ಹಕಾರ ಎಷ್ಟು ಶುದ್ಧವಾಗಿ ಬಂದಿದೆ ನೋಡೋಣ ಅಂತ ರೆಕಾರ್ಡಿಂಗ್ ಹಾಕಿಸಿದೆ. 'ಹಾಲು' ಅಚ್ಚುಕಟ್ಟಾಗಿತ್ತು. ಅವಳು ಬೆರಳಿಟ್ಟಿದ್ದು ಅದರ ಪಕ್ಕಕ್ಕೆ, ನಾನು ಗಮನವೇ ಕೊಡದಿದ್ದ ಕಡೆಗೆ. "ಇದನ್ನು ಕೇಳಿ."

'ನಾನು ಹಾಲು ಅಂತೇಳ್ದೆ.'

ಮುಂದಿನ ಚೀಟಿ ಹಾಕಿದಳು. ಅಂತೇಳ್ದೆ. ಅದರ ಮುಂದಿನದೂ ಅಂತೇಳ್ದೆ. ಐದೈದು ಸಲವೂ.