ಎದುರಿಗೇ ಏಷ್ಯಾ, ತಟ್ಟೆಯಲ್ಲಿ ನಾರ್ವೆ

ಗ್ರೀಸಿನ ಕೋಸ್ ದ್ವೀಪದ ಉತ್ತರ ದಂಡೆಯಲ್ಲಿ ಟಿಗಾಕಿ ಅಂತ ಒಂದು ಬೀಚ್ ಹಳ್ಳಿ ಇದೆ. ಉದ್ದಕ್ಕೆ ಮರಳು, ಸಾಲಾಗಿ ಬಿಸಿಲು ಕಾಯಿಸುವ ಮಂಚಗಳು, ಬಾಡಿಗೆ ಸೈಕಲ್ಲುಗಳು. ಮರಳಿನ ಮೇಲೆ ನಿಂತು ನೋಡಿದರೆ ಆಚೆ ದಡದಲ್ಲಿ ಟರ್ಕಿಯ ಬೆಟ್ಟಗಳು ಕಾಣುತ್ತವೆ. ಸ್ಕೂಲಿನ ಭೂಗೋಳದ ಪುಸ್ತಕದ ಪ್ರಕಾರ ಅದು ಏಷ್ಯಾ. ದ್ವೀಪಕ್ಕೂ ಆ ನೆಲಕ್ಕೂ ತೀರಾ ಹತ್ತಿರದ ಜಾಗದಲ್ಲಿ ಸುಮಾರು 4 ಕಿಲೋಮೀಟರ್ ನೀರು ಅಡ್ಡ, ಅಷ್ಟೇ. ರಾತ್ರಿ ಅಲ್ಲಿ ದೀಪ ಹತ್ತಿದರೆ ಇಲ್ಲಿಂದ ಎಣಿಸಬಹುದು.

ಈ ಕಡೆ ದಂಡೆಯ ಯಾವ ಪ್ರವಾಸಿ ಹಳ್ಳಿಗೆ ಬೇಕಾದರೂ ಹೋಗಿ. ಸಮುದ್ರಕ್ಕೆ ಬೆನ್ನು ಹಾಕಿ ರಸ್ತೆ ದಾಟಿದರೆ ಸಾಕು, ಒಂದು 'ಏಷ್ಯನ್ ರೆಸ್ಟೋರೆಂಟ್' ಸಿಗುತ್ತದೆ. ಹೆಸರು ಹೇಳುವುದಿಲ್ಲ. ಹೇಳಿಯೂ ಪ್ರಯೋಜನವಿಲ್ಲ, ಎಲ್ಲದಕ್ಕೂ ಮೆನು ಒಂದೇ. ಜನ ಏಷ್ಯಾಕ್ಕೆ ಮುಖ ಮಾಡಿ ಕೂರುತ್ತಾರೆ, ಮೆನು ತೆರೆಯುತ್ತಾರೆ, ಆಮೇಲೆ "ಇಲ್ಲಿ ಒಳ್ಳೆಯ ಏಷ್ಯನ್ ಏನು ಸಿಗುತ್ತೆ?" ಅಂತ ಕೇಳುತ್ತಾರೆ.

ಒಳಗಿನ ಅಲಂಕಾರವನ್ನು ಒಮ್ಮೆ ನೋಡಬೇಕು. ಬಾರ್ ಕೌಂಟರಿನ ಮೇಲೆ ಬುದ್ಧ. ಅವನ ಎಡಕ್ಕೆ ಜಿನ್, ಬಲಕ್ಕೆ ವೋಡ್ಕಾ. ಕಣ್ಣು ಮುಚ್ಚಿಕೊಂಡಿದ್ದಾನೆ, ಅವನ ಜಾಗದಲ್ಲಿ ಯಾರಿದ್ದರೂ ಮುಚ್ಚಿಕೊಳ್ಳುತ್ತಿದ್ದರು. ಕ್ಯಾಶ್ ಪೆಟ್ಟಿಗೆ ಪಕ್ಕದಲ್ಲಿ ಕೈ ಆಡಿಸುವ ಜಪಾನಿನ ಬೆಕ್ಕು, ಗೋಡೆಗೆ ಚೀನಾದ ಡ್ರ್ಯಾಗನ್, ಬಾಗಿಲಲ್ಲಿ ಥಾಯ್ಲೆಂಡಿನ ಆನೆ, ಸ್ಪೀಕರಿನಲ್ಲಿ ಸಿತಾರು. ಬಾಗಿಲಲ್ಲಿ ನಿಂತ ಹುಡುಗ ನಿಮ್ಮ ಮುಖ ನೋಡಿ "ನಮಸ್ತೆ" ಅನ್ನುತ್ತಾನೆ. ಹಿಂದೆ ಬಂದವರಿಗೆ ಚೀನೀ ಭಾಷೆಯಲ್ಲಿ "ನಿ ಹಾವ್". ಅವರು ಕೊರಿಯಾದವರು, ಸುಮ್ಮನೆ ನಕ್ಕು ಒಳಗೆ ಬರುತ್ತಾರೆ. ವಿಶ್ವಸಂಸ್ಥೆಗೆ ಇಷ್ಟು ವರ್ಷವಾದರೂ ಆಗದ ಕೆಲಸವನ್ನು ಈ ಮಾಲೀಕ ಒಂದು ಹಜಾರದಲ್ಲಿ ಮಾಡಿ ಮುಗಿಸಿದ್ದಾನೆ. ಜಗತ್ತಿನ ಅರ್ಧಕ್ಕಿಂತ ಜಾಸ್ತಿ ಜನ ಒಂದೇ ಅಡುಗೆಮನೆ, ಒಂದೇ ಬಾಣಲೆ, ಒಂದೇ ಸೋಯಾ ಸಾಸ್.

ಮೆನು ಮಾತ್ರ ಬಹಳ ಪ್ರಾಮಾಣಿಕವಾದ ದಾಖಲೆ. ಏಷ್ಯಾದ ಬಗ್ಗೆ ಅದು ಏನೂ ಹೇಳುವುದಿಲ್ಲ. ಆದರೆ ವಿಮಾನದಿಂದ ಯಾರ್ಯಾರು ಇಳಿಯುತ್ತಾರೆ ಅನ್ನುವುದನ್ನು ಪಕ್ಕಾ ಹೇಳುತ್ತದೆ. ಬ್ರಿಟಿಷರು ಬರುತ್ತಾರೆ, ಅದಕ್ಕೇ ಚಿಕನ್ ಟಿಕ್ಕಾ ಮಸಾಲಾ. 2001ರಲ್ಲಿ ಬ್ರಿಟನ್ನಿನ ವಿದೇಶಾಂಗ ಸಚಿವ ರಾಬಿನ್ ಕುಕ್ ಅದನ್ನು ನಮ್ಮ ರಾಷ್ಟ್ರೀಯ ಖಾದ್ಯ ಅಂತ ಭಾಷಣದಲ್ಲೇ ಹೇಳಿದ್ದರು. ಅಂದರೆ ಲಂಡನ್ನಿನಿಂದ ಬಂದವರು ಇಲ್ಲಿ ತಮ್ಮ ಮನೆಯೂಟವನ್ನೇ ಮಾಡುತ್ತಿದ್ದಾರೆ. ಡಚ್ಚರು ಬರುತ್ತಾರೆ, ಅದಕ್ಕೇ ನಾಸಿ ಗೋರೆಂಗ್ ಅನ್ನುವ ಹುರಿದ ಅನ್ನ, ಕಡಲೆಕಾಯಿ ಸಾಸಿನ ಜೊತೆ ಸಾತೇ ಅನ್ನುವ ಕಡ್ಡಿಗೆ ಚುಚ್ಚಿದ ಮಾಂಸ. ಅವರ ಮುತ್ತಜ್ಜಂದಿರು ಇಂಡೋನೇಷ್ಯಾವನ್ನು ಆಳಿದ್ದರು. ಆಳ್ವಿಕೆ ಮುಗಿಯಿತು, ಕಡಲೆಕಾಯಿ ಸಾಸ್ ಮುಗಿಯಲಿಲ್ಲ. ಯಾರು ಯಾರನ್ನು ಆಳಿದ್ದರು ಅಂತ ತಿಳಿಯಬೇಕಾದರೆ ಇತಿಹಾಸದ ಪುಸ್ತಕ ಬೇಡ, ಈ ಮೆನುವಿನ 'ಮೇನ್ ಕೋರ್ಸ್' ಪುಟ ಸಾಕು. ಏಷ್ಯಾದಲ್ಲಿ ಯಾರನ್ನೂ ಆಳದ ದೇಶದವರಿಗೆ ಸ್ವೀಟ್ ಅಂಡ್ ಸೋರ್ ಚಿಕನ್ ಇದೆ.

ಇನ್ನು ಸುಶಿ, ಜಪಾನಿನ ಅನ್ನದ ತುತ್ತು. ಅದರ ಮೇಲಿನ ಸಾಲ್ಮನ್ ಮೀನು ನಾರ್ವೆಯದು. ಹಸಿ ಸಾಲ್ಮನ್ ತಿನ್ನುವ ಅಭ್ಯಾಸ ಜಪಾನೀಯರಿಗೇ ಇರಲಿಲ್ಲ. 1980ರ ದಶಕದಲ್ಲಿ ನಾರ್ವೆಯವರು ತಮ್ಮ ಸಾಕಿದ ಮೀನು ಮಾರಲು ಅಲ್ಲಿಗೆ ಹೋಗಿ ಅಭ್ಯಾಸ ಮಾಡಿಸಿದರು. ಕ್ಯಾಲಿಫೋರ್ನಿಯಾ ರೋಲ್ ಅನ್ನುವ ಸುಶಿ ಹುಟ್ಟಿದ್ದು ಅಟ್ಲಾಂಟಿಕ್ ಆಚೆ. ಅದರೊಳಗಿನ ಏಡಿ ಏಡಿಯೇ ಅಲ್ಲ, ಬಿಳಿ ಮೀನನ್ನು ಅರೆದು ಬಣ್ಣ ಹಚ್ಚಿದ ಕಡ್ಡಿ. ವಸಾಬಿ ಅನ್ನುವ ಜಪಾನಿನ ಖಾರ ಅಂತ ಇಟ್ಟಿರುವ ಹಸಿರು ಗುಳಿಗೆ ಹೆಚ್ಚಿನ ಕಡೆ ಹಾರ್ಸ್‌ರ‍್ಯಾಡಿಶ್ ಅನ್ನುವ ಯುರೋಪಿನ ಗೆಡ್ಡೆ. ಇಷ್ಟಾದ ಮೇಲೆ ತಟ್ಟೆಯಲ್ಲಿ ಏಷ್ಯಾದ್ದು ಅಂತ ಉಳಿಯುವುದು ಎರಡು ಕಡ್ಡಿ. ಅದನ್ನೂ ಜನ ಐದು ನಿಮಿಷದಲ್ಲಿ ಬದಿಗಿಟ್ಟು ಫೋರ್ಕ್ ಕೇಳುತ್ತಾರೆ.

ಸೀಗಡಿಯ ಹೆಸರಿನ ಪಕ್ಕದಲ್ಲಿ ಒಂದು ಸಣ್ಣ ನಕ್ಷತ್ರ. ಸ್ಪೆಷಲ್ ಇರಬೇಕು ಅಂದುಕೊಂಡರೆ ಕೆಟ್ಟಿರಿ. ಗ್ರೀಸಿನ ಮೆನುಗಳಲ್ಲಿ ಆ ನಕ್ಷತ್ರಕ್ಕೆ ಫ್ರೀಜರಿನಿಂದ ಬಂದದ್ದು ಅಂತ ಅರ್ಥ. ಸುತ್ತ ಸಮುದ್ರ, ಎದುರಿಗೆ ಮೀನಿನ ದೋಣಿ, ತಟ್ಟೆಯಲ್ಲಿ ನಕ್ಷತ್ರ. ಅದೇ ಮೆನುವಿನ ಕೆಳಗೆ ಇನ್ನೊಂದು ಸಾಲು ಕಡ್ಡಾಯವಾಗಿ ಅಚ್ಚಾಗಿರುತ್ತದೆ: ರಸೀದಿ ಕೊಡದಿದ್ದರೆ ಗಿರಾಕಿ ದುಡ್ಡು ಕೊಡಬೇಕಿಲ್ಲ. ಬಹಳ ಒಳ್ಳೆಯ ಕಾನೂನು. ಏಷ್ಯಾ ಕೊಡದಿದ್ದರೆ ಏನು ಮಾಡಬೇಕು ಅಂತ ಮಾತ್ರ ಅದರಲ್ಲಿಲ್ಲ.

ಕೋಸ್ ಪ್ರಾಚೀನ ಗ್ರೀಕ್ ವೈದ್ಯ ಹಿಪೊಕ್ರೆಟಿಸ್ ಹುಟ್ಟಿದ ದ್ವೀಪ. ಹಾಗಾಗಿ 'ಆಹಾರವೇ ನಿನ್ನ ಔಷಧಿಯಾಗಲಿ' ಅನ್ನುವ ಮಾತು ಅವನ ಹೆಸರಿನಲ್ಲಿ ಎಲ್ಲೆಂದರಲ್ಲಿ ಕಣ್ಣಿಗೆ ಬೀಳುತ್ತದೆ. ಅವನ ಹೆಸರಿನಲ್ಲಿ ಉಳಿದಿರುವ ಗ್ರಂಥಗಳಲ್ಲಿ ಆ ವಾಕ್ಯ ಎಲ್ಲೂ ಇಲ್ಲ. ಇರಲಿ ಬಿಡಿ, ಕ್ರೀಮು ಸುರಿದ ಕುರ್ಮಾ ತಿಂದ ಮೇಲೆ ಹೇಗೂ ಔಷಧಿ ಬೇಕಾಗುತ್ತದೆ.

ನಮ್ಮವರ ವಿಷಯ ಬಿಟ್ಟರೆ ಮೋಸವಾಗುತ್ತದೆ. ಬೆಂಗಳೂರು, ಮೈಸೂರಿನ ಟೂರ್ ಜಾಹೀರಾತುಗಳಲ್ಲಿ ದೊಡ್ಡ ಅಕ್ಷರದಲ್ಲಿ ಇರುವುದು ಅಥೆನ್ಸಿನ ಪಾರ್ಥೆನಾನ್ ದೇಗುಲ ಅಲ್ಲ, 'ಪ್ರತಿದಿನ ಇಂಡಿಯನ್ ಡಿನ್ನರ್'. ಲಕ್ಷಗಟ್ಟಲೆ ಕೊಟ್ಟು, ಯುರೋಪಿನ ಷೆಂಗೆನ್ ವೀಸಾಕ್ಕೆ ಮೂರು ವರ್ಷದ ಐಟಿ ರಿಟರ್ನ್ಸ್ ಹೊತ್ತು, ಚೀಲದಲ್ಲಿ ಪುಳಿಯೋಗರೆ ಗೊಜ್ಜು ತುಂಬಿಕೊಂಡು ಬರುವವರು ನಾವು. ಬೀಚ್ ಹಳ್ಳಿಯಲ್ಲಿ ಇಂಡಿಯನ್ ಸಿಗದಿದ್ದರೆ ಟೂರ್ ಮ್ಯಾನೇಜರ್ ನಮ್ಮನ್ನು ಏಷ್ಯನ್‌ಗೆ ಸಾಗಿಸುತ್ತಾನೆ.

"ಏನಪ್ಪಾ, ಇದರಲ್ಲಿ ಮೊಟ್ಟೆ ಗಿಟ್ಟೆ ಇಲ್ಲ ತಾನೇ?"

"ಇಲ್ಲ ಅಂಕಲ್, ಪ್ಯೂರ್ ವೆಜ್. ವೆಜ್ ಪ್ಯಾಡ್ ಥಾಯ್."

ಅಂಕಲ್ ನೂಡಲ್ಸ್ ಬಾಯಿಗಿಟ್ಟು, "ಏನೋ ಒಂಥರಾ ಘಮ ಇದೆ ಅಲ್ವಾ" ಅನ್ನುತ್ತಾರೆ. ಇದ್ದೇ ಇರುತ್ತದೆ. ಪ್ಯಾಡ್ ಥಾಯ್‌ಗೆ ಆ ರುಚಿ ಬರುವುದೇ ಉಪ್ಪಿನಲ್ಲಿ ಕೊಳೆಸಿ ಸೋಸಿದ ಮೀನಿನ ಸಾಸಿನಿಂದ. ಯಾರೂ ಹೇಳಬೇಡಿ, ಪಾಪ, ನೆಮ್ಮದಿಯಾಗಿ ತಿನ್ನುತ್ತಿದ್ದಾರೆ.

ಇಷ್ಟಕ್ಕೂ ಅವರು ಓಡಿಬಂದದ್ದು ಯಾವುದರಿಂದ? ಪಕ್ಕದ ತವೆರ್ನಾದಿಂದ, ಅಂದರೆ ಗ್ರೀಕರ ಸಾದಾ ಊಟದ ಹೋಟೆಲಿನಿಂದ. ಗ್ರೀಕ್ ಊಟ ಅಂದರೆ ಬರೀ ಮಾಂಸ ಅಂತ ಯಾರೋ ಹೇಳಿದ್ದಾರೆ. ಗ್ರೀಕರ ಆರ್ಥೊಡಾಕ್ಸ್ ಪಂಥದಲ್ಲಿ ಕಟ್ಟುನಿಟ್ಟಾಗಿ ಆಚರಿಸಿದರೆ ವರ್ಷದ ಹೆಚ್ಚುಕಡಿಮೆ ಅರ್ಧದಷ್ಟು ದಿನಗಳು ಉಪವಾಸ. ಉಪವಾಸ ಅಂದರೆ ಮಾಂಸ, ಮೊಟ್ಟೆ, ಹಾಲು ಇಲ್ಲದ ಊಟ. ಆದ್ದರಿಂದ ಅಲ್ಲಿನ ಅಡುಗೆಯಲ್ಲಿ ತರಕಾರಿಗೆ ಬರವಿಲ್ಲ. ಟೊಮೆಟೊದಲ್ಲಿ ಬೇಯಿಸಿದ ದೊಡ್ಡ ಬಿಳಿ ಬೀನ್ಸ್, ಆಲಿವ್ ಎಣ್ಣೆಯಲ್ಲಿ ಬೆಂದ ಬದನೆ, ಬೆಂಡೆ, ಹುರುಳಿಕಾಯಿ, ಅನ್ನ ತುಂಬಿದ ದ್ರಾಕ್ಷಿ ಎಲೆ, ಕಡಲೆಕಾಳಿನ ಸಾರು. 'ಫಾವಾ' ಅಂತ ಒಂದಿದೆ, ಹಳದಿ ಬೇಳೆಯನ್ನು ನುಣ್ಣಗೆ ಬೇಯಿಸಿ ಮೇಲೆ ಎಣ್ಣೆ, ಈರುಳ್ಳಿ, ನಿಂಬೆ ಹಾಕುತ್ತಾರೆ. ಒಗ್ಗರಣೆ ಹಾಕಲು ಮರೆತ ತೊವ್ವೆ ಅನ್ನಿ. ಇದೆಲ್ಲ ಹತ್ತು ಹೆಜ್ಜೆ ದೂರದಲ್ಲಿ. ಅಂಕಲ್ ಮಾತ್ರ ಮೀನಿನ ಸಾಸ್‌ನಲ್ಲಿ ವ್ರತ ಪಾಲಿಸುತ್ತಿದ್ದಾರೆ.

ಇನ್ನೂ ಒಂದು ತಮಾಷೆ. ಆ ತವೆರ್ನಾದಲ್ಲಿ ಜೀರಿಗೆ ಹಾಕಿದ ಮಾಂಸದುಂಡೆಗೆ 'ಸ್ಮಿರ್ನಾದ್ದು' ಅನ್ನುತ್ತಾರೆ. ಸ್ಮಿರ್ನಾ ಅಂದರೆ ಇವತ್ತಿನ ಇಜ್ಮಿರ್, ಆ ದಡದ ಊರು. 1922ರಲ್ಲಿ ಅದು ಹೊತ್ತಿ ಉರಿಯಿತು. 1923ರಲ್ಲಿ ಗ್ರೀಸ್ ಮತ್ತು ಟರ್ಕಿ ಜನರನ್ನೇ ಅದಲು ಬದಲು ಮಾಡಿಕೊಂಡವು. ಸುಮಾರು 12 ಲಕ್ಷ ಗ್ರೀಕರು ಟರ್ಕಿ ಬಿಟ್ಟು ಗ್ರೀಸಿಗೆ ಬಂದರು. ಮನೆ, ಹೊಲ, ಅಂಗಡಿ ಅಲ್ಲೇ ಉಳಿಯಿತು, ಅಡುಗೆ ಜೊತೆಗೆ ಬಂತು. ಕೋಸ್ ಆಗ ಇಟಲಿಯ ಕೈಯಲ್ಲಿತ್ತು, ಗ್ರೀಸಿಗೆ ಸೇರಿದ್ದು 1947ರ ಒಪ್ಪಂದದಲ್ಲಿ. ಹಾಗಾಗಿ ಇಲ್ಲಿನ ತುರ್ಕಿ ಮುಸ್ಲಿಮರು ಊರು ಬಿಡಬೇಕಾಗಲಿಲ್ಲ. ಹಿಪೊಕ್ರೆಟಿಸ್ ಹೆಸರು ಅಂಟಿಕೊಂಡಿರುವ ಆಸ್ಕ್ಲೆಪಿಯೋನ್ ಅನ್ನುವ ಪ್ರಾಚೀನ ಚಿಕಿತ್ಸಾ ದೇಗುಲ ನೋಡಲು ಹೋಗುವ ದಾರಿಯಲ್ಲಿ ಪ್ಲಾತಾನಿ ಅನ್ನುವ ಹಳ್ಳಿ ಸಿಗುತ್ತದೆ. ಅಲ್ಲಿ ಮಸೀದಿ ಇದೆ, ತುರ್ಕಿ ಮಾತಾಡುವ ಮನೆಗಳಿವೆ, ಅನಟೋಲಿಯಾದ, ಅಂದರೆ ಟರ್ಕಿಯ ಏಷ್ಯಾ ಭಾಗದ, ಅಡುಗೆ ಮಾಡುವ ಊಟದ ಮನೆಗಳಿವೆ. ಇಡೀ ದ್ವೀಪದಲ್ಲಿ ಏಷ್ಯನ್ ಅಂತ ಬೋರ್ಡ್ ಹಾಕಲು ಹಕ್ಕಿದ್ದರೆ ಅವರಿಗೆ. ಅವರು ಹಾಕಿಲ್ಲ. ಹಾಕಿದ್ದರೆ ಬಂದವರು "ಸ್ಪ್ರಿಂಗ್ ರೋಲ್ ಇಲ್ವಾ?" ಅಂತ ಕೇಳಿ ಎದ್ದು ಹೋಗುತ್ತಿದ್ದರು.

ನಾವು ಜಾಸ್ತಿ ನಗುವ ಹಾಗಿಲ್ಲ. ನಮ್ಮೂರ ಬಸ್‌ಸ್ಟ್ಯಾಂಡಿನ ಎದುರು ಡ್ರ್ಯಾಗನ್ ಬಿಡಿಸಿದ ತಳ್ಳುಗಾಡಿ ಮಾರುವ ಗೋಬಿ ಮಂಚೂರಿಗೆ ಮಂಚೂರಿಯಾದ ನೆಂಟಸ್ತನವೇ ಇಲ್ಲ. ಮಂಚೂರಿಯನ್ ಹುಟ್ಟಿದ್ದು 1970ರ ದಶಕದ ಮುಂಬೈಯಲ್ಲಿ. ಅದರ ಕೆಂಪು ನೋಡಿ ಕೊನೆಗೆ 2024ರ ಮಾರ್ಚ್‌ನಲ್ಲಿ ಕರ್ನಾಟಕ ಸರ್ಕಾರವೇ ಕೃತಕ ಬಣ್ಣ ಹಾಕಬೇಡಿ ಅಂತ ಆದೇಶ ಹೊರಡಿಸಿತು. ಒಂದೇ ವ್ಯತ್ಯಾಸ, ನಮ್ಮ ಗಾಡಿಯವನಿಗೆ ಚೀನಾ ಎದುರಿಗೆ ಕಾಣುವುದಿಲ್ಲ. ಅವನಿಗೆ ಆ ರಿಯಾಯಿತಿ ಇದೆ.

ಆ ನೀರಿನ ಕಥೆಯನ್ನೂ ಹೇಳಿಬಿಡುತ್ತೇನೆ. ಎದುರು ದಡದ ಬೋಡ್ರಮ್‌ನಿಂದ ಕೋಸ್‌ಗೆ ಸೀಸನ್ನಿನಲ್ಲಿ ದಿನಾ ದೋಣಿ ಬರುತ್ತದೆ. 2015ರಲ್ಲಿ ಸಿರಿಯಾ, ಅಫ್ಘಾನಿಸ್ತಾನದ ಸಾವಿರಾರು ಜನ ಇದೇ ನೀರನ್ನು ರಬ್ಬರ್ ದೋಣಿಯಲ್ಲಿ ದಾಟಿದರು. ಎಷ್ಟೋ ಜನ ದಾಟಲಿಲ್ಲ. ಆ ಸೆಪ್ಟೆಂಬರಿನಲ್ಲಿ ಟರ್ಕಿಯ ದಂಡೆಗೆ ಹೆಣವಾಗಿ ಬಂದ ಪುಟ್ಟ ಹುಡುಗನ ದೋಣಿ ಹೊರಟಿದ್ದೂ ಕೋಸ್ ಕಡೆಗೇ. 2024ರಲ್ಲಿ ಟರ್ಕಿಯ ಪ್ರವಾಸಿಗಳಿಗೆ ಇಲ್ಲಿ ಬಂದಿಳಿದ ಮೇಲೆ 7 ದಿನದ ವೀಸಾ ಕೊಡಲು ಶುರು ಮಾಡಿದರು. ಅವರ ಹತ್ತಿರ ದುಡ್ಡಿರುತ್ತದೆ ನೋಡಿ. ಏಷ್ಯಾದ ಊಟಕ್ಕೆ ಕೆಂಪು ಲಾಟೀನಿನ ಸ್ವಾಗತ, ಏಷ್ಯಾದ ಮನುಷ್ಯನಿಗೆ ಮೊದಲು ಪರ್ಸ್ ತಪಾಸಣೆ.

ಬೇರೆ ಬಾಗಿಲಿಂದ ಬಂದವರೂ ಇದ್ದಾರೆ. ಗ್ರೀಸಿನ ಹೊಲಗಳಲ್ಲಿ, ಹೋಟೆಲುಗಳಲ್ಲಿ ದುಡಿಯುವ ಬಾಂಗ್ಲಾದೇಶಿಯರು ಬಹಳ. 2022ರಲ್ಲಿ ಎರಡೂ ಸರ್ಕಾರಗಳು ಸೀಸನ್ ಕೂಲಿಗೆ ಜನ ಕಳಿಸುವ ಒಪ್ಪಂದವನ್ನೂ ಮಾಡಿಕೊಂಡವು. ಅಂಥ ಅಡುಗೆಯವರಿರುವ ಹೋಟೆಲಿಗೆ ಮಧ್ಯಾಹ್ನ ನಾಲ್ಕರ ಹೊತ್ತಿಗೆ ಹೋಗಬೇಕು. ಗಿರಾಕಿಗಳು ಮರಳಿನ ಮೇಲೆ ಮಲಗಿರುತ್ತಾರೆ. ಹಿಂಬಾಗಿಲಿನ ಹತ್ತಿರ, ಎಣ್ಣೆ ಡಬ್ಬ ಮಗುಚಿ ಹಾಕಿ ಸ್ಟಾಫ್ ಊಟಕ್ಕೆ ಕೂತಿರುತ್ತಾರೆ. ಬಿಸಿ ಅನ್ನ, ಬೆಳ್ಳುಳ್ಳಿ ಒಗ್ಗರಣೆಯ ಮಸೂರ್ ದಾಲ್, ಸಾಸಿವೆ ಎಣ್ಣೆಯಲ್ಲಿ ಕಿವುಚಿದ ಆಲೂಗಡ್ಡೆ, ಪಕ್ಕಕ್ಕೆ ಹಸಿಮೆಣಸಿನಕಾಯಿ. ವಾಸನೆಗೇ ಹೊಟ್ಟೆ ಚುರ್ ಅನ್ನುತ್ತದೆ. ನಮ್ಮ ಅಂಕಲ್ ಮೂಗು ಅರಳಿಸಿಕೊಂಡು ಅಲ್ಲಿಗೇ ಬಂದರು.

"ಭಾಯ್, ಯೇ ಮಿಲೇಗಾ?" ಅವರ ಹಿಂದಿ ಅಷ್ಟೇ.

"ಇದು ಮೆನುವಿನಲ್ಲಿಲ್ಲ ಸಾಬ್," ಅಂದ ಆ ಹುಡುಗ, ಅವನೂ ಹಿಂದಿಯಲ್ಲೇ. "ಮಾಲೀಕರಿಗೆ ತೋರಿಸಿದ್ದೆ. ಏಷ್ಯನ್ ಥರ ಕಾಣಲ್ಲ ಅಂದರು."

ಅಂಕಲ್ ಮುಖ ಸಪ್ಪಗಾಯಿತು. ಹುಡುಗ ಸಮಾಧಾನ ಮಾಡಿದ. "ಮುಂದಿನ ಸೀಸನ್ನಿಗೆ ಬನ್ನಿ ಸಾಬ್. ಇದನ್ನೇ ಗುಂಡಗಿನ ಬಟ್ಟಲಿಗೆ ಹಾಕಿ, ಮೇಲೆ ಎಳ್ಳು ಉದುರಿಸಿ, ಬುದ್ಧ ಬೌಲ್ ಅಂತ ಇಡ್ತಾರಂತೆ. 18 ಯೂರೋ."