ಒಂದು ದಿನದ ಕೂಲಿ

ಅಪ್ಪ ತೀರಿಕೊಂಡು ಇಪ್ಪತ್ತು ದಿನ ಆಗಿತ್ತು. ನನ್ನ ತಲೆಯಲ್ಲಿ ಕೂದಲು ಆಗಷ್ಟೇ ಚಿಗುರುತ್ತಿತ್ತು. ಕೋಲಾರದ ಎಪಿಎಂಸಿ ಯಾರ್ಡ್ ಹತ್ತಿರ ನನ್ನದೊಂದು ಸಣ್ಣ ತಿಂಡಿ ಹೋಟೆಲ್. ಪಕ್ಕದಲ್ಲೇ ಸಲೂನ್. ಅಲ್ಲಿಗೆ ಹೋದಾಗ ಬೆಂಚಿನ ಮೇಲಿದ್ದ ಮೂವರು ಹಮಾಲಿಗಳು ಮಾತು ನಿಲ್ಲಿಸಿದರು. ನಮ್ಮ ಕಡೆ ಗಂಡಸು ಮೀಸೆ ತೆಗೆಸಿದ್ದಾನೆ ಅಂದರೆ ಮನೆಯಲ್ಲಿ ಏನೋ ಆಗಿದೆ ಅಂತಲೇ ಅರ್ಥ. ಕೇಳಿದರು, ಹೇಳಿದೆ. ಪ್ರಾಸ್ಟೇಟ್ ಕ್ಯಾನ್ಸರ್, ಗಂಡಸರಿಗೆ ಮೂತ್ರಕೋಶದ ಕೆಳಗಿರುವ ಗ್ರಂಥಿಯದು. ಗೊತ್ತಾಗುವ ಹೊತ್ತಿಗೆ ಬೆನ್ನುಮೂಳೆಗೆ ಹಬ್ಬಿಬಿಟ್ಟಿತ್ತು.

ಎರಡು ವರ್ಷದಿಂದ ಅಪ್ಪ ರಾತ್ರಿ ನಾಲ್ಕೈದು ಸಲ ಮೂತ್ರಕ್ಕೆ ಏಳುತ್ತಿದ್ದರು. ವಯಸ್ಸಾಯ್ತಲ್ಲ ಅಂದುಕೊಂಡೆವು. ಸೊಂಟ ನೋವು ಅಂದಾಗ ಎಣ್ಣೆ ತಿಕ್ಕಿದೆವು. ಅವರು ಜಾಸ್ತಿ ಹೇಳಲೂ ಇಲ್ಲ, ನಾವು ಕೇಳಲೂ ಇಲ್ಲ. ಆ ನೋವು ನನಗೆ ಇವತ್ತಿಗೂ ಹೋಗಿಲ್ಲ.

ಸಲೂನಿನಲ್ಲಿ ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ಅವರಲ್ಲಿ ವಯಸ್ಸಾದವರೊಬ್ಬರು ಮೆಲ್ಲಗೆ ಕೇಳಿದರು: "ನಿಮ್ಮಪ್ಪ ರಾತ್ರಿ ಎಷ್ಟು ಸಲ ಏಳ್ತಿದ್ರಣ್ಣ?"

ಅವರು ಕೇಳುತ್ತಿದ್ದದ್ದು ಅಪ್ಪನ ವಿಷಯ ಅಲ್ಲ ಅಂತ ಎಲ್ಲರಿಗೂ ಗೊತ್ತಾಯಿತು.

2003ರಲ್ಲಿ ಆಸ್ಟ್ರೇಲಿಯಾದ ಮೆಲ್ಬರ್ನ್‌ನಲ್ಲಿ 30 ಗೆಳೆಯರು ನವೆಂಬರ್ ತಿಂಗಳಿಡೀ ಮೀಸೆ ಬಿಟ್ಟರು. ಮುಂದಿನ ವರ್ಷದಿಂದ ಅದರ ಹೆಸರಲ್ಲೇ ಪ್ರಾಸ್ಟೇಟ್ ಕ್ಯಾನ್ಸರ್‌ಗೆ ದುಡ್ಡು ಎತ್ತಿದರು. ಅದೇ ಈಗ ದೇಶದೇಶಕ್ಕೂ ಹರಡಿರುವ ಮೊವೆಂಬರ್. ಮೀಸೆ ನೋಡಿದವರು ಯಾಕೆ ಅಂತ ಕೇಳಬೇಕು, ಅಲ್ಲಿಂದ ಮಾತು ಶುರುವಾಗಬೇಕು ಅನ್ನೋದು ಅವರ ಆಲೋಚನೆ. ನಮ್ಮೂರಲ್ಲಿ ಮೀಸೆ ಬಿಟ್ಟರೆ ಯಾರೂ ಏನೂ ಕೇಳಲ್ಲ. ಆದರೆ ಸಲೂನಿನ ಬೆಂಚು, ಟೀ ಅಂಗಡಿ, ಪಂಚರ್ ಅಂಗಡಿ ಇದೆಯಲ್ಲ, ಅಲ್ಲಿ ಗಂಡಸರು ಮಾತಾಡುತ್ತಾರೆ.

ಹಾಗಾಗಿ ಹೋದ ನವೆಂಬರ್‌ನಲ್ಲಿ ನಾವು ಐದು ಅಂಗಡಿಯವರು ಗಲ್ಲಾಪೆಟ್ಟಿಗೆ ಪಕ್ಕ ಒಂದೊಂದು ಡಬ್ಬಿ ಇಟ್ಟೆವು. ಮೊದಲು ಫ್ಲೆಕ್ಸ್ ಹಾಕಿಸೋಣ, ಒಂದು ಕ್ಯಾಂಪ್ ಮಾಡೋಣ ಅಂತಿತ್ತು. ಅದನ್ನು ತಪ್ಪಿಸಿದ್ದು ಅದೇ ಹಿರಿಯ ಹಮಾಲಿ. ಎಸ್‌ಎನ್‌ಆರ್ ಜಿಲ್ಲಾ ಆಸ್ಪತ್ರೆಯಲ್ಲಿ ಬಿಪಿ, ಶುಗರ್ ಫ್ರೀ ಆಗಿ ನೋಡ್ತಾರೆ, ಹೋಗಿ ಅಂದೆ. ಅವರು ಹೇಳಿದ್ದು: "ಟೆಸ್ಟ್ ಫ್ರೀನೇ ಅಣ್ಣ. ಆದ್ರೆ ಆವತ್ತಿನ 700 ಯಾರು ಕೊಡ್ತಾರೆ?"

ಬೆಳಗ್ಗೆ ಹರಾಜು ಶುರುವಾದರೆ 15 ಕೆಜಿ ಟೊಮೆಟೊ ಬಾಕ್ಸ್ ಒಂದರ ಮೇಲೊಂದು ಎತ್ತುತ್ತಲೇ ಇರಬೇಕು. ಆಸ್ಪತ್ರೆಯ ಓಪಿಡಿಯೂ ಅದೇ ಹೊತ್ತಿಗೆ. ಎರಡರಲ್ಲಿ ಒಂದನ್ನು ಬಿಡಬೇಕು ಅಂದರೆ ಅವರು ಯಾವುದನ್ನು ಬಿಡುತ್ತಾರೆ ಹೇಳಿ.

ಡಬ್ಬಿಗಳಲ್ಲಿ 11,340 ರೂಪಾಯಿ ಬಂತು. 14 ಜನಕ್ಕೆ ಒಂದು ದಿನದ ಕೂಲಿ ಕೊಟ್ಟು ಆಸ್ಪತ್ರೆಗೆ ಕಳಿಸಿದೆವು. ಉಳಿದದ್ದಕ್ಕೆ ಸ್ವಲ್ಪ ಸೇರಿಸಿ ಸಲೂನಿಗೆ ಒಂದು ಬಿಪಿ ಮಷಿನ್ ತಂದೆವು. ಹೋದವರಲ್ಲಿ ಐದು ಜನಕ್ಕೆ ಬಿಪಿ 140/90ಕ್ಕಿಂತ ಮೇಲಿತ್ತು. ಯಾರಿಗೂ ಅದು ಗೊತ್ತೇ ಇರಲಿಲ್ಲ. ಬಿಪಿ ಹಾಗೇ, ತಲೆನೋವೂ ಕೊಡದೆ ಒಳಗೆ ಕೂತಿರುತ್ತೆ. ಒಬ್ಬ ಹುಡುಗನ ಬಾಯಲ್ಲಿ ಬಿಳಿ ಮಚ್ಚೆ ಇತ್ತು, ಗುಟ್ಕಾದಿಂದ. ಅವನ ಚಿಕಿತ್ಸೆ ನಡೀತಿದೆ. ಆ ಹಿರಿಯರಿಗೆ ಕ್ಯಾನ್ಸರ್ ಇಲ್ಲ, ಪ್ರಾಸ್ಟೇಟ್ ಗ್ರಂಥಿ ಸುಮ್ನೆ ದಪ್ಪ ಆಗಿದೆ ಅಷ್ಟೇ, ಮಾತ್ರೆ ಕೊಟ್ಟಿದ್ದಾರೆ. ವಯಸ್ಸಾದ ಗಂಡಸರಲ್ಲಿ ಇದು ಮಾಮೂಲು. ರಾತ್ರಿ ಏಳುವವರೆಲ್ಲ ಹೆದರಬೇಕಿಲ್ಲ, ಆದರೆ ತೋರಿಸಿಕೊಳ್ಳಬೇಕು.

ಜಾಗೃತಿ ಮೂಡಿಸಿ ಅಂತ ಹೇಳುವವರಿಗೆ ಒಂದು ವಿಷಯ ಹೇಳಬೇಕು. ಅಮೆರಿಕದ ಲಾಸ್ ಏಂಜಲೀಸ್‌ನ 52 ಸಲೂನ್‌ಗಳಲ್ಲಿ, ಬಿಪಿ ಇದ್ದ 319 ಕಪ್ಪು ಜನರ ಮೇಲೆ ನಡೆದ ಅಧ್ಯಯನ 2018ರಲ್ಲಿ ಪ್ರಕಟವಾಯಿತು. ಕೆಲವು ಸಲೂನ್‌ಗಳಲ್ಲಿ ಕ್ಷೌರಿಕರು ಡಾಕ್ಟರ್ ಹತ್ರ ಹೋಗಿ ಅಂತ ಬುದ್ಧಿ ಹೇಳಿದರು. ಆರು ತಿಂಗಳಲ್ಲಿ ಬಿಪಿಯ ಮೇಲಿನ ಅಂಕಿ ಸರಾಸರಿ 9 ಇಳಿಯಿತು. ಉಳಿದ ಕಡೆ ಫಾರ್ಮಸಿಸ್ಟ್ ಸಲೂನಿಗೇ ಬಂದು ಔಷಧಿ ನೋಡಿಕೊಂಡರು. ಅಲ್ಲಿ 27 ಇಳಿಯಿತು. ಮಾತು ಬೇಕು, ನಿಜ. ಆದರೆ ಮಾತು ಕೇಳಿದವನು ಮುಂದಿನ ಹೆಜ್ಜೆ ಇಡೋಕೆ ಅಡ್ಡ ಇರೋದನ್ನ ಯಾರಾದರೂ ಸರಿಸಬೇಕು. ನಮ್ಮ ಮಂಡಿಯಲ್ಲಿ ಆ ಅಡ್ಡ ಅಂದರೆ 700 ರೂಪಾಯಿ.

ಮನಸ್ಸಿನ ವಿಷಯ ಇನ್ನೂ ಕಷ್ಟ. ಎನ್‌ಸಿಆರ್‌ಬಿ (ಅಪರಾಧ, ಆತ್ಮಹತ್ಯೆಗಳ ಲೆಕ್ಕ ಇಡುವ ಕೇಂದ್ರ ಸಂಸ್ಥೆ) ಲೆಕ್ಕದ ಪ್ರಕಾರ 2022ರಲ್ಲಿ ದೇಶದಲ್ಲಿ 1,70,924 ಜನ ಆತ್ಮಹತ್ಯೆ ಮಾಡಿಕೊಂಡರು. ನೂರರಲ್ಲಿ ಸುಮಾರು 72 ಗಂಡಸರು. ಟೊಮೆಟೊ ರೇಟು ಬಿದ್ದ ದಿನ ನನ್ನ ಹೋಟೆಲಿಗೆ ಬರುವ ರೈತರ ಮುಖ ನಾನು ನೋಡಿದ್ದೇನೆ. ತಿಂಡಿಗೂ ಕೈ ಹಾಕದೆ ಕೂತಿರುತ್ತಾರೆ. ಸಲೂನಿನವರು ಕನ್ನಡಿ ಮೂಲೆಯಲ್ಲಿ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ನಂಬರ್ 14416 ಅಂಟಿಸಿದ್ದಾರೆ. ಹಗಲು ರಾತ್ರಿ ಯಾವಾಗ ಬೇಕಾದರೂ ಕಾಲ್ ಮಾಡಬಹುದು, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ. ಕಟಿಂಗ್ ಆಗುವಷ್ಟು ಹೊತ್ತು ಆ ನಂಬರ್ ಕಣ್ಣೆದುರೇ ಇರುತ್ತೆ. ನನ್ನ ಗಲ್ಲಾಪೆಟ್ಟಿಗೆ ಮೇಲೂ ಹಾಕಿದ್ದೇನೆ.

ಈ ನವೆಂಬರ್‌ಗೂ ಡಬ್ಬಿ ಇಡುತ್ತೇವೆ. ಬಂಗಾರಪೇಟೆ, ಶ್ರೀನಿವಾಸಪುರ, ಮುಳಬಾಗಿಲು ಕಡೆ ಅಂಗಡಿ ಇಟ್ಟಿರುವವರು ಇದನ್ನು ಓದುತ್ತಿದ್ದರೆ ದಯವಿಟ್ಟು ನೀವೂ ಇಡಿ. ಬಂದ ದುಡ್ಡನ್ನು ಫ್ಲೆಕ್ಸ್‌ಗೆ ಹಾಕಬೇಡಿ, ಕೂಲಿಗೆ ಕೊಡಿ. ನಿಮ್ಮಲ್ಲೇ ಕೆಲಸ ಮಾಡುವ ಹುಡುಗರಿಗೆ ಸಂಬಳ ಹಿಡಿಯದೆ ಒಂದು ದಿನ ರಜೆ ಕೊಟ್ಟರೂ ಸಾಕು.

ಅಪ್ಪನಿಗೋ ಅಣ್ಣ ತಮ್ಮಂದಿರಿಗೋ ಪ್ರಾಸ್ಟೇಟ್ ಕ್ಯಾನ್ಸರ್ ಬಂದಿದ್ದರೆ 45ರ ಹೊತ್ತಿಗೇ, ಅದರ ಸುಳಿವು ಕೊಡುವ ಪಿಎಸ್‌ಎ ರಕ್ತಪರೀಕ್ಷೆ ಬಗ್ಗೆ ಡಾಕ್ಟರ್ ಹತ್ರ ಕೇಳಬೇಕಂತೆ. ಜನವರಿಗೆ ನನಗೆ 45. ಆ ತಿಂಗಳು ಒಂದು ದಿನ ಹೋಟೆಲ್ ಮುಚ್ಚಿರುತ್ತೆ. ಬಾಗಿಲ ಮೇಲೆ ಚೀಟಿ ಅಂಟಿಸಿರುತ್ತೇನೆ, ಯಾಕೆ ಅಂತಲೂ ಅದರಲ್ಲೇ ಬರೆದಿರುತ್ತೇನೆ.